ಯಾವ ಮನೆಯ ಹಾಡು

ಮನೆ ಸಾಮಾನು ಸಾಗಿಸುವ ಲಾರಿಯವರೆಲ್ಲ ಅವನನ್ನು ಚಕ್ರಣ್ಣ ಎನ್ನುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ಹೆಂಡತಿ ಒಮ್ಮೆ ಬೈದದ್ದು ಆ ಲಾರಿಯವರ ಕಿವಿಗೆ ಬಿದ್ದು ಹೆಸರಾಗಿ ಅಂಟಿಕೊಂಡಿತ್ತು. ಬೀರುವನ್ನು ಹಗ್ಗ ಬಿಗಿದು ಬೆನ್ನಿಗೇರಿಸಿ ಮೆಟ್ಟಿಲಿಳಿಯುವಾಗ ಅವನ ಬಾಯಲ್ಲಿ ಒಂದೇ ಹಾಡು. ಊರು ಬಿಟ್ಟವನೊಬ್ಬ ದಾರಿಹೋಕರನ್ನು ನಿಲ್ಲಿಸಿ, ಆ ಕಡೆ ಹೋದರೆ ನಮ್ಮ ಮನೆಯಲ್ಲಿ ದೀಪ ಹಚ್ಚಿದ್ದಾರಾ ನೋಡಿ ಬನ್ನಿ ಎಂದು ಬೇಡುವ ಹಳೆಯ ಜನಪದ ಗೀತೆ. ಕಟ್ಟಿದವರು ಯಾರೋ ಗೊತ್ತಿಲ್ಲ, ಹಾಡದವರು ಮಾತ್ರ ಇರಲಿಲ್ಲ. ಗಿಟಾರ್ ಹಿಡಿದ ಕಾಲೇಜಿನವರೂ ಹಾಡುತ್ತಿದ್ದರು. ಮನೆ ಬಿಡುತ್ತಿದ್ದ ಹೆಂಗಸರು ಬರಿದಾದ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವನೂ ಬಾಡಿಗೆ ಮನೆ ಬದಲಾಯಿಸುತ್ತಲೇ ಇದ್ದ. ಒಂದು ಕಡೆ ನೀರು ಸರಿಯಿಲ್ಲ, ಇನ್ನೊಂದು ಕಡೆ ಗಾಳಿಯಿಲ್ಲ, ಮತ್ತೊಂದು ಕಡೆ ಎಲ್ಲ ಇದ್ದರೂ ಮನಸ್ಸು ನಿಲ್ಲಲಿಲ್ಲ. ಒಂದು ಭಾನುವಾರ ಗಡ್ಡ ಮಾಡಿಕೊಳ್ಳುತ್ತ ಹಾಡು ಗುನುಗುತ್ತಿದ್ದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮನೇಲೇ ನಿಂತ್ಕೊಂಡು ಯಾವ ಮನೆಗೆ ಹಾತೊರೀತೀರಿ?"

"ಹುಟ್ಟಿದ ಮನೆಗೆ ಕಣೇ."

"ಹಾಗಾದ್ರೆ ಹೋಗಿ ಬಂದ್ಬಿಡಿ. ಇಲ್ಲಿ ಕೂತು ನನ್ನ ತಲೆ ತಿನ್ಬೇಡಿ."

ಹೋದ. ಮದುವೆಯಾಗದೆ ಅಲ್ಲೇ ಉಳಿದಿದ್ದ ಅಕ್ಕ ಹೊಲಿಗೆ ಮಿಷನ್ ಬದಿಗೆ ತಳ್ಳಿ, ಅವನ ಹಳೆಯ ಮಂಚಕ್ಕೆ ಒಗೆದ ಹೊದಿಕೆ ಹಾಸಿದಳು. ಮೊದಲ ದಿನ ಹೊಟ್ಟೆ ತುಂಬ ಉಂಡ. ಮರುದಿನ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಶತಪಥ ಹಾಕತೊಡಗಿದ. ಸೋರುವ ನಲ್ಲಿ ರಿಪೇರಿ ಮಾಡಿದ. ಅಕ್ಕನ ಬೀರುವನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಿ, ಮತ್ತೆ ಅಲ್ಲಿಗೇ ತಳ್ಳಿದ. ಬಾಯಲ್ಲಿ ಹಾಡು ಇದ್ದೇ ಇತ್ತು.

ಸೂಜಿಗೆ ದಾರ ಪೋಣಿಸುತ್ತಿದ್ದ ಅಕ್ಕ ನಕ್ಕುಬಿಟ್ಟಳು. "ಇನ್ನೂ ಅದೇ ಹಾಡೇನೋ?"

"ಊರು ಬಿಟ್ಮೇಲೆ ಅಂಟ್ಕೊಂಡಿದ್ದು ಅಕ್ಕಾ."

"ಸುಳ್ಳು! ಚಡ್ಡಿ ಹಾಕ್ಕೊಂಡು ಓಡಾಡೋವಾಗ್ಲೇ ಈ ಹೊಸ್ತಿಲ ಮೇಲೆ ಕೂತು ಹಾಡ್ತಿದ್ದೆ. 'ಮನೇಲೇ ಇದ್ದೀಯಲ್ಲೋ ಮಂಕೇ' ಅಂತ ಅಮ್ಮ ಬೈಯೋಳು. ನೀನು ಅಳ್ತಾ ಅಳ್ತಾನೇ ಪೂರ್ತಿ ಮುಗಿಸ್ತಿದ್ದೆ."

ಅವನು ಹೋಗಿ ಆ ಹೊಸ್ತಿಲ ಮೇಲೆ ಕೂತ. ತನ್ನ ಚಡಪಡಿಕೆಗೆಲ್ಲ ಈ ಮನೆ ಬಿಟ್ಟದ್ದೇ ಕಾರಣ ಎಂದು ಇಷ್ಟು ವರ್ಷ ನಂಬಿದ್ದ. ಈಗ ಆ ನೆಪವೂ ಕೈಜಾರಿತು.

"ನಿನಗೂ ಹಾಗಾಗುತ್ತಾ ಅಕ್ಕಾ?"

"ನಾನು ಈ ಮನೆ ಬಿಟ್ಟವಳೇ ಅಲ್ಲ. ಆದ್ರೂ ರೇಡಿಯೋದಲ್ಲಿ ಅದು ಬಂದ್ರೆ ಮಿಷನ್ ನಿಲ್ಲಿಸ್ಬಿಡ್ತೀನಿ. ಯಾಕೆ ಅಂತ ಮಾತ್ರ ಕೇಳ್ಬೇಡ."

ಆ ಮಧ್ಯಾಹ್ನವೇ ಅವನು ಬಸ್ಸು ಹತ್ತಿದ.

"ಇಷ್ಟು ಬೇಗ?" ಎಂದಳು ಹೆಂಡತಿ.

"ಅಲ್ಲೂ ನಿದ್ದೆ ಬರ್ಲಿಲ್ಲ ಕಣೇ."

ಆಮೇಲೆ ಅವರು ಮನೆ ಬದಲಾಯಿಸಲಿಲ್ಲ. ಚಡಪಡಿಕೆ ಹೋಯಿತೆಂದಲ್ಲ. ಸಂಜೆ ಕೆಲಸ ಮುಗಿಸಿ ಬಂದವನು ಚಪ್ಪಲಿಯನ್ನೂ ಬಿಡದೆ, ಹಾಡುತ್ತ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಾನೆ. ಈಚೆಗೆ ಹೆಂಡತಿಯೂ ಜೊತೆಗೆ ಹೊರಡುತ್ತಾಳೆ. ಎರಡನೆಯ ಚರಣವನ್ನು ಅವಳು ತಪ್ಪು ತಪ್ಪಾಗಿ ಹಾಡುತ್ತಾಳೆ. ಅವನು ತಿದ್ದಲು ಹೋಗಿಲ್ಲ.