ಬಡತನಕ್ಕೆ ಹಾರ ಹಾಕದ ಕೋದಂಡಪ್ಪನವರು

ಬಂಗಾರಪೇಟೆ ಸೀಮೆಯ ಪೌರಾಣಿಕ ನಾಟಕಗಳನ್ನು ಕಲಿಸಿ ಬೆಳೆಸಿದ ಹಾರ್ಮೋನಿಯಂ ಮೇಷ್ಟ್ರುಗಳ ಪೈಕಿ ಶ್ರೀ ಕೋದಂಡಪ್ಪನವರದು ಅಗ್ರಸ್ಥಾನ. ೧೯೭೩ರಲ್ಲಿ ಕಾಮಸಮುದ್ರದ ನಾಟಕವೊಂದಕ್ಕೆ ಅವರಿಗೆ ದೊರೆತ ಬಾಡಿಗೆ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಒಂದು ಸ್ವರವೇ ಮೂಕವಾಗಿತ್ತು. ಬೇರೊಂದನ್ನು ತರಿಸುವ ಶಕ್ತಿ ಅವರಿಗಾಗಲಿ ತಂಡಕ್ಕಾಗಲಿ ಇರಲಿಲ್ಲ. ಆ ಸ್ವರವನ್ನು ಮುಟ್ಟದೆಯೇ ರಾಣಿಯ ಶೋಕಗೀತೆಗೆ ಅವರು ಕಟ್ಟಿಕೊಟ್ಟ ಧಾಟಿ ನೆರೆದವರನ್ನೆಲ್ಲ ಅಳಿಸಿತು. ಮುಂದೆ ಬೇತಮಂಗಲದಿಂದ ಕೆ.ಜಿ.ಎಫ್.ವರೆಗಿನ ತಂಡಗಳೆಲ್ಲ ಅದನ್ನೇ ಹಾಡಿದವು.

ಅಂದಿನಿಂದ, ಬಡತನವೇ ಕಲೆಗೆ ಗುರು ಎಂಬ ಮಾತಿಗೆ ನಮ್ಮಲ್ಲಿ ಅವರೇ ನಿದರ್ಶನವಾದರು. ಈ ಹೊಗಳಿಕೆಯನ್ನು ಅವರು ಎಂದೂ ಒಪ್ಪಲಿಲ್ಲವೆಂಬುದನ್ನು, ೧೯೭೬ರಲ್ಲಿ ಅವರು ಸಂಗೀತ ಶಿಕ್ಷಕರಾಗಿ ಬಂದ ಪ್ರೌಢಶಾಲೆಯಲ್ಲೇ ಕನ್ನಡ ಪಂಡಿತನಾಗಿದ್ದ ನಾನು ಬಲ್ಲೆ. ರೈಲಿನಲ್ಲಿ ಬರುವ ಮಕ್ಕಳಿಗೆ ತಮ್ಮ ಬುತ್ತಿಯನ್ನು ಹಂಚಿದ ಮೇಲೆಯೇ ಅವರ ಸರಿಗಮ. "ಕಾಲಿ ಒಟ್ಟೇಲಿ ಸ್ವರ ಏರಲ್ಲ, ತಲೆ ಸುತ್ತತದೆ ಅಷ್ಟೆ" ಎನ್ನುವರು.

೧೯೮೮ರಲ್ಲಿ ಗಣಿ ಕಾರ್ಮಿಕರೊಬ್ಬರ ಮಗಳು ಮಾರಿಯಮ್ಮ ಸಂಗೀತ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಶಾಲೆಯ ಪೆಟ್ಟಿಗೆಯ ಗಾಳಿ ತುಂಬುವ ತಿದಿ ಹರಿದು ಶ್ರುತಿ ಜಾರುತ್ತಿತ್ತು. ಅದರ ಹಿಂದೆಯೇ ಹುಡುಗಿಯ ಕಂಠವೂ ಜಾರತೊಡಗಿತು. ಕೋದಂಡಪ್ಪನವರು ಹೊಸದನ್ನು ಕೇಳಲು ಹೋದಾಗ ಶಾಲಾ ಸಮಿತಿಯ ಜಯರಾಮಪ್ಪನವರು ನಕ್ಕರು.

"ಏನ್ ಮೇಷ್ಟ್ರೇ, ಮೂಗ ಪೆಟ್ಟಿಗೇಲಿ ಊರನ್ನೇ ಅಳಿಸ್ದೋರು ನೀವು! ಸುಖ ಕಂಡ್ರೆ ಮಕ್ಕಳು ಕಲೀತಾರಾ?"

ಕೋದಂಡಪ್ಪನವರು ನಗಲಿಲ್ಲ. "ನಾನೊಬ್ಬ ದಾಟ್ಕೊಂಡಿದ್ನ ಎಲ್ರೂ ನೋಡಿದ್ರಿ ಸ್ವಾಮಿ. ನನ್ ಜೊತೇಲಿ ಕಲ್ತ ಬಚ್ಚಪ್ಪ ನನಗಿಂತ ಚೆಂದಾಗಿ ನುಡಿಸ್ತಿದ್ದ. ಈಗ ಟೇಸನ್ನಾಗೆ ಮೂಟೆ ಒರ್ತಾ ಅವ್ನೆ. ಅವನ್ಗೂ ಬಡತನಾನೇ ಗುರು. ಅವನ್ ಆಡು ಯಾರ್ ಕೇಳಿದ್ರಿ?"

ಆ ತಿಂಗಳೇ ಹೊಸ ಪೆಟ್ಟಿಗೆ ಬಂದಿತು.

ಈಗ ನಿವೃತ್ತರಾಗುತ್ತಿರುವ ಈ ಮಹನೀಯರು ನೂರ್ಕಾಲ ಬಾಳಲಿ, ಅವರ ಜಗಲಿಯ ಮೇಲೆ ಇನ್ನೆಷ್ಟೋ ಮಕ್ಕಳು ಉಂಡು ಹಾಡಲಿ ಎಂದು ಹಾರೈಸುತ್ತ, ಆ ಪೆಟ್ಟಿಗೆಯನ್ನು ಮೊದಲು ನುಡಿಸಿದ ದಿನವನ್ನು ನೆನೆದು ವಿರಮಿಸುತ್ತೇನೆ.

ಅಂದು ಕೋದಂಡಪ್ಪನವರು ಅದನ್ನು ತಾವು ಮುಟ್ಟದೆ, ರೈಲು ನಿಲ್ದಾಣದಿಂದ ಬಚ್ಚಪ್ಪನವರನ್ನು ಕರೆತಂದು ಅವರ ಮುಂದಿಟ್ಟರು.

"ಬ್ಯಾಡ ಕಣ್ಲಾ ಕೋದಂಡ, ಬೆರಳು ಕಟ್ಟಿಗೆ ಆಗೋಗದೆ."

"ಕಟ್ಟಿಗೇಲೇ ಒತ್ಲಾ, ಕೇಳಾನ."

ಬೆರಳುಗಳು ಮೊದಮೊದಲು ಎಡವಿ, ಮೆಲ್ಲಗೆ ದಾರಿ ಹಿಡಿದವು. ಅದು ಬಚ್ಚಪ್ಪನವರದೇ ಧಾಟಿ. ನಾವಾರೂ ಅದುವರೆಗೆ ಕೇಳದಿದ್ದುದು. ನುಡಿಸಿ ಮುಗಿಸಿ ಅವರು ಏಳಹೊರಟಾಗ ಮಾರಿಯಮ್ಮ ಅಡ್ಡ ಕುಳಿತಳು.

"ಇನ್ನೊಂದ್ ಸಲ ನುಡಿಸಿ ಮಾಮಾ, ನಾನು ಕಲ್ತ್ಕೋತೀನಿ."