ಗಂಜಿ ಹಾಕಿದ ಪರಕಾರ

ಈಜುವುದಕ್ಕೆಂದೇ ಬೇರೆ ಬಟ್ಟೆ ಇರುತ್ತದೆ ಎಂದು ನನಗೆ ತಿಳಿದದ್ದು ಮೊಮ್ಮಗಳು ಈಜುಕೊಳಕ್ಕೆ ಹೋಗತೊಡಗಿದ ಮೇಲೆ. ತಲೆಗೆ ರಬ್ಬರಿನ ಟೋಪಿ, ಮೈಗಂಟುವ ಅಂಗಿ, ಕಣ್ಣಿಗೊಂದು ಕನ್ನಡಕ. ಇಷ್ಟೆಲ್ಲ ಸಿಂಗಾರ ಮಾಡಿಕೊಂಡು ಹುಡುಗಿ ಎದೆಮಟ್ಟದ ನೀರಿಗೆ ಇಳಿಯುತ್ತಾಳೆ. ನಗಬಾರದಿತ್ತು, ನಕ್ಕೆ. ನಾನು ಕಲಿತದ್ದು ಪರಕಾರ, ಪೋಲಕಾದಲ್ಲಿ, ಅಂದರೆ ಉದ್ದ ಲಂಗ, ರವಿಕೆಯಲ್ಲಿ, ಮೂರಾಳು ಆಳದ ಬಾವಿಯಲ್ಲಿ.

ಪೊಲೀಸ್ ಆಕ್ಷನ್ ಆದ ಮರುವರ್ಷದ ಬೇಸಿಗೆ ಅದು. ಅದಕ್ಕೂ ಮುಂಚೆ ಗದ್ದಲದ ಹೆದರಿಕೆಗೆ ನಾವು ಕಲಬುರಗಿ ಬಿಟ್ಟು ಕದಲಿರಲಿಲ್ಲ. ಸ್ಟೇಶನ್ ಬಜಾರದ ಹಿಂದಿನ ನಮ್ಮ ಮನೆಯ ಬಾಗಿಲು ದೀಪ ಹಚ್ಚುವ ಮೊದಲೇ ಮುಚ್ಚುತ್ತಿತ್ತು. ಊರು ತಣ್ಣಗಾದದ್ದೇ ತಡ, ಕಮಲಾಪುರದಲ್ಲಿದ್ದ ಅತ್ತೆ, ಅಂದರೆ ಅಪ್ಪನ ತಂಗಿ, ಬರಲೇಬೇಕೆಂದು ಕಾಗದ ಬರೆದಳು. ಅಪ್ಪನಿಗೆ ಕಚೇರಿ ಬಿಡುವಂತಿರಲಿಲ್ಲ. ಅವ್ವನನ್ನೂ ಹನ್ನೊಂದು ವರ್ಷದ ನನ್ನನ್ನೂ ಮೋಟಾರು ಹತ್ತಿಸುತ್ತ ನನಗೆ, “ಇದೊಂದು ಸಲ ಹೋಗಿ ಬಾ. ಮುಂದಿನ ವರ್ಷದಿಂದ ಮನ್ಯಾಗ ಕೂತು ಕೆಲಸ ಕಲಿ” ಎಂದರು.

ಅತ್ತೆಯ ಮನೆಯವರದು ಕೆಂಪು ಬಾಳೆಯ ತೋಟ, ತೋಟದ ನಡುವೆ ಮೆಟ್ಟಿಲಿದ್ದ ದೊಡ್ಡ ಬಾವಿ. ಮಧ್ಯಾಹ್ನ ನೀರೆತ್ತುವ ಎತ್ತುಗಳನ್ನು ಬಿಚ್ಚಿ ಗಂಡಸರು ಊಟಕ್ಕೆ ಹೋದರೆಂದರೆ ಬಾವಿ ಹೆಂಗಸರದು. ಅತ್ತೆ ಕಚ್ಚೆ ಸೀರೆಯನ್ನು ಇನ್ನಷ್ಟು ಬಿಗಿದು ಮೇಲಿಂದ ಹಾರುತ್ತಿದ್ದಳು. ನಾನು ಪೋಲಕಾ ಬಿಚ್ಚಲು ಹೋದರೆ ಬೈದಳು.

“ಬಾವ್ಯಾಗ ಬೀಳೂ ಮುಂದ ಯಾರರ ಅರಿವಿ ಬದಲಿಸಿ ಬೀಳ್ತಾರೇನು? ದಿನಾ ಹಾಕ್ಕೊಳ್ಳೂ ಅರಿವ್ಯಾಗೇ ಕಲಿ.”

ಪರಕಾರದ ಅಂಚನ್ನು ಕಾಲ ನಡುವಿನಿಂದ ಹಿಂದಕ್ಕೆ ಎಳೆದು ಸೊಂಟಕ್ಕೆ ಸಿಗಿಸಿದಳು, ಎದೆಗೆ ಬಾಳೆದಿಂಡಿನ ತುಂಡು ಕಟ್ಟಿದಳು, ನೂಕಿಬಿಟ್ಟಳು. ಮೊದಲ ವಾರ ನಾನು ಕುಡಿದ ನೀರಿಗೆ ಬಾವಿ ಒಂದು ಮೆಟ್ಟಿಲು ಇಳಿದಿರಬೇಕು. ಎರಡನೆಯ ವಾರ ಕೈಕಾಲು ನನ್ನ ಮಾತು ಕೇಳತೊಡಗಿದವು. ಆಗ ಅತ್ತೆ ಒಂದು ಕರಾರು ಹಾಕಿದಳು: ದಿಂಡು ಇಲ್ಲದೆ, ಯಾರ ಕೈಯನ್ನೂ ಹಿಡಿಯದೆ ಈ ದಂಡೆಯಿಂದ ಆ ದಂಡೆ ಮುಟ್ಟಬೇಕು. ಮುಟ್ಟಿದರೆ ಪ್ರತಿ ಬೇಸಿಗೆ ನನ್ನನ್ನು ಕಳಿಸುವಂತೆ ಅಣ್ಣನ ಹತ್ತಿರ ಅವಳೇ ಜಗಳ ಮಾಡುತ್ತಾಳೆ. ಮುಟ್ಟದಿದ್ದರೆ ಮನೆ, ಒಲೆ, ಕಸಬರಿಗೆ.

ಇಷ್ಟು ದಿನವೂ ಅವ್ವ ಬಾವಿಗೆ ಬೆನ್ನು ಮಾಡಿ ಬೇವಿನ ನೆರಳಿನಲ್ಲಿ ತೊಗರಿಬೇಳೆ ಆರಿಸುತ್ತ ಕೂತಿರುತ್ತಿದ್ದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. “ನೀರು ಕಂಡ್ರ ನಮ್ಮ ವೈನಿಗೆ ಜ್ವರಾನೇ ಬರ್ತಾವ” ಎಂದು ಅತ್ತೆ ತನ್ನ ಅತ್ತಿಗೆಯನ್ನು ಕಾಡಿಸುವಳು. ನಾನೂ ದನಿಗೂಡಿಸುತ್ತಿದ್ದೆ. ಅವ್ವ ಬೇಳೆಯಲ್ಲಿ ಇನ್ನೊಂದು ಹರಳು ಹುಡುಕುವಳು.

ಕೊನೆಗೆ ಹೊರಡುವ ದಿನ ಬಂತು, ನಾನಿನ್ನೂ ದಾಟಿರಲಿಲ್ಲ. ಮೋಟಾರು ಮಧ್ಯಾಹ್ನದ ಮೇಲೆ. ಅವ್ವ ಆಗಲೇ ಊರಿಗೆ ಹೋಗುವ ಸೀರೆ ಉಟ್ಟಿದ್ದಳು. ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಪರಕಾರದಲ್ಲಿ ಮೆರೆಯುತ್ತಿದ್ದೆ. ಹಳೆಯದನ್ನು ಹಾಕಿಕೊ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ, ನೋಡಲು ಅಕ್ಕಪಕ್ಕದ ಹೆಂಗಸರೆಲ್ಲ ಸೇರಿದ್ದರಲ್ಲ! ಅಷ್ಟೇ ಅಲ್ಲ, ಇಸ್ತ್ರಿ ಮುರಿದೀತೆಂದು ಅಂಚನ್ನೂ ಸಿಗಿಸಲಿಲ್ಲ. ನೀರಿಗೆ ಹಾರುವವಳಿಗೆ ಇಸ್ತ್ರಿಯ ಚಿಂತೆ!

ಹಾರಿದೆ. ಗಂಜಿಯ ಬಟ್ಟೆ ಗಾಳಿ ತುಂಬಿಕೊಂಡು ಕಂಕುಳವರೆಗೆ ಉಬ್ಬಿತು. ಅರ್ಧ ಬಾವಿಗೆ ಬರುವಷ್ಟರಲ್ಲಿ ನಾನು ಬೋರಲು ಹಾಕಿದ ಬುಟ್ಟಿ. ಮುಳುಗಲಾರೆ, ಮಲಗಿ ಈಜಲಾರೆ, ಕಾಲು ಕೆಳಗೆ ಜೋತಾಡುತ್ತಿವೆ. ಮುಳುಗುವುದಿಲ್ಲವೆಂದು ಗೊತ್ತಿದ್ದ ಅತ್ತೆ ಆಚೆ ದಂಡೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಮಾತ್ರ ಜೀವವೇ ಹೋದಂತಾಗಿ “ಅವ್ವಾ!” ಎಂದು ಚೀರಿದೆ.

ಬೇಳೆಯ ಮೊರ ಎತ್ತ ಹಾರಿತೋ! ಮರುಗಳಿಗೆ ದೊಡ್ಡ ಸಪ್ಪಳ, ಮುಖದ ತುಂಬ ನೀರು, ಪಕ್ಕದಲ್ಲಿ ಅವ್ವನ ತಲೆ. ಆರಾಮವಾಗಿ ತೇಲುತ್ತಿದ್ದಳು.

“ಹೆದರಬ್ಯಾಡ. ಪರಕಾರ ಬಡಿ, ಗಾಳಿ ಹೋಗಲಿ. ಹಾಂ, ಈಗ ಅಂಚು ಸಿಗಸು. ಕಾಲು ಮ್ಯಾಲ ತಗೊ.”

“ಕೈ ಹಿಡಿ ಅವ್ವಾ!”

“ಹಿಡಿಯೂದಿಲ್ಲ. ಹಿಡಿದ್ರ ನಿಮ್ಮ ಅತ್ತಿ ಒಪ್ಪೂದಿಲ್ಲ.”

ಬೆನ್ನು ಮಾಡಿ ಕೂತವಳು ಕರಾರನ್ನೆಲ್ಲ ಕೇಳಿಸಿಕೊಂಡಿದ್ದಳು! ಅವಳು ಪಕ್ಕದಲ್ಲಿ, ನಾನು ನನ್ನಷ್ಟಕ್ಕೆ, ಆ ದಂಡೆ ಮುಟ್ಟಿದೆವು. ತಪ್ಪೆಲ್ಲ ಪರಕಾರದ್ದು ಎಂದು ನಾನು ಶುರುಮಾಡಿದರೆ, “ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದಳಂತ” ಎಂದು ಬಾಯಿ ಮುಚ್ಚಿಸಿದ ಅತ್ತೆ, ಅವ್ವನ ಕಡೆ ತಿರುಗಿದಳು.

“ವೈನಿ, ಈಜು ಬರ್ತದಂತ ಯಾಕ ಹೇಳಲಿಲ್ಲ ನೀವು?”

“ಯಾರು ಕೇಳಿದ್ರಿ?” ಎಂದಳು ಅವ್ವ.

ಅವಳ ತವರು ಭೀಮಾ ನದಿಯ ದಂಡೆಯ ಊರು, ನಮಗೆಲ್ಲ ಗೊತ್ತಿದ್ದದ್ದೇ. ಕನ್ಯೆ ನೋಡಲು ಹೋದವರು ಹಾಡು ಬರುತ್ತದೆಯೇ, ಹೋಳಿಗೆ ಬರುತ್ತದೆಯೇ ಎಂದು ಕೇಳಿದ್ದರು. ಈಜಿನ ಸುದ್ದಿ ಅಂದೂ ಬರಲಿಲ್ಲ, ಆಮೇಲೆ ಹನ್ನೆರಡು ವರ್ಷವೂ ಬರಲಿಲ್ಲ. ಅವಳು ನೀರಿಗೆ ಬೆನ್ನು ಮಾಡಿದ್ದು ಹೆದರಿಕೆಗಲ್ಲ, ನೋಡಿದರೆ ಕೂತಿರಲು ಆಗುತ್ತಿರಲಿಲ್ಲ ಎಂದು ಆಗ ಹೊಳೆಯಿತು. ಆಡಿಕೊಂಡದ್ದಕ್ಕೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಅವ್ವ ಮೇಲೆ ಬರಲಿಲ್ಲ. ತಿರುಗಿ ಇನ್ನೊಂದು ಸುತ್ತು ಹೊರಟಳು, ಮತ್ತೊಂದು, ಮಗದೊಂದು. “ಮೋಟಾರು ತಪ್ಪತದರೀ” ಎಂದು ಅತ್ತೆ ಕೂಗಿದಾಗ, “ತಪ್ಪಲಿ, ಸಂಜೀದು ಅದ” ಎಂದು ನಡುನೀರಿನಿಂದ ಉತ್ತರ ಬಂತು. ಬೇಳೆಯನ್ನು ಗುಬ್ಬಿಗಳು ತಿಂದವು.

ಸಂಜೆಯ ಮೋಟಾರಿನಲ್ಲಿ ಕಲಬುರಗಿಗೆ ಬಂದೆವು. ಮೋಟಾರಿನ ಹೊತ್ತಿನವರೆಗೂ ನೀರಲ್ಲೇ ಇದ್ದ ಅವ್ವ ಬೇರೆ ಸೀರೆ ಉಡಲೇ ಇಲ್ಲ. ಬಾಗಿಲು ತೆರೆದ ಅಪ್ಪ, ಇನ್ನೂ ಒದ್ದೆಯಾಗಿ ಮೈಗಂಟಿದ್ದ ಸೀರೆಯನ್ನು ನೋಡಿ, “ದಾರ್ಯಾಗ ಮಳಿ ಬಂತೇನು?” ಎಂದರು.

“ಇಲ್ಲರೀ. ಈಜಿ ಬಂದೀನಿ.”

ಅಪ್ಪ ಅವಳ ಕೈಯ ಗಂಟು ಇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, “ನಿನಗ ಈಜು ಬರ್ತದ?”

“ಅಂತೂ ಕೇಳಿದ್ರಿ” ಎಂದು ಅವ್ವ ಅದೇ ಒದ್ದೆ ಸೀರೆಯಲ್ಲಿ ಹೊಸ್ತಿಲ ಮೇಲೆ ಕೂತಳು. “ಕೂಡ್ರಿ, ಎಲ್ಲಾ ಹೇಳ್ತೀನಿ.”

ಮುಂದಿನ ಬೇಸಿಗೆ ಕಮಲಾಪುರದ ಮೋಟಾರಿಗೆ ಅಪ್ಪ ಮೂರು ತಿಕೀಟು ತಂದರು.