ಮಾಳಿಗೆಯ ಮೇಲಿನ ಹಾವಸಿ

ಮಗಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಬನಹಟ್ಟಿ ಮನೆಯ ಮಾಳಿಗೆಯ ಮೇಲೆ ನಾಲ್ಕು ಗಾಜಿನ ಬರಣಿಗಳಲ್ಲಿ ಪಾಚಿ ಬೆಳೆಸಿದಳು. ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣದು, ನೀರೇ ಹಸಿರಾದಂತಿರುತ್ತಿತ್ತು. ಒಣಗಿಸಿ ಅದರೊಳಗಿನ ಎಣ್ಣೆ ತೆಗೆದರೆ ಡೀಸೆಲ್ ಮಾಡಬಹುದಂತೆ. ಜಮಖಂಡಿಯ ಕಾಲೇಜಿಗೆ ಪರೀಕ್ಷಕರು ಬಂದಾಗ ಜೀವಂತ ಪಾಚಿಯನ್ನೇ ತೋರಿಸಬೇಕಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರಲ್ಲಿ ನನಗೆ ನೆನಪಿದ್ದದ್ದು ಇಷ್ಟೇ: ಪಾಚಿಗೆ ಬೇರಿಲ್ಲ.

“ಹಾವಸಿಲೆ ಗಾಡಿ ಓಡತಾವೇನ?” ಎಂದರು ಅತ್ತೆ. ನಮ್ಮ ಕಡೆ ಪಾಚಿಗೆ ಹಾವಸಿ ಎನ್ನುತ್ತಾರೆ.

“ಓಡತಾವ ಆಯಿ, ಇನ್ನಷ್ಟ ದಿನಾ ತಡಿ,” ಎಂದಳು ಮಗಳು ಅಜ್ಜಿಗೆ.

“ಹಂಗಾರ ಚಿಮ್ಮಡದಾಗ ನಮ್ಮಪ್ಪನ ಬಾವಿ ತುಂಬ ಡೀಸೆಲ್ಲೇ ಇತ್ತ ಬಿಡು. ಸುಮ್ನ ತಿಕ್ಕಿ ತಿಕ್ಕಿ ಚೆಲ್ಲಿದ್ವಿ.”

ಮೀನಿನ ತೊಟ್ಟಿಗೆ ಹಾಕುವಂಥ ಸಣ್ಣ ಪಂಪು ಬರಣಿಗಳಿಗೆ ಗಾಳಿ ಊದುತ್ತಿತ್ತು. ಅದು ನಿಂತರೆ ಪಾಚಿ ತಳಕ್ಕೆ ಕೂತು ಕೊಳೆಯುತ್ತದೆ. ಕರೆಂಟು ಹೋದರೆ ಕೈಯಿಂದಲೇ ಕದಡಬೇಕು. ನಮ್ಮ ಓಣಿಯಲ್ಲಿ ಕರೆಂಟು ಹೋದದ್ದನ್ನು ಯಾರೂ ಬಲ್ಬು ನೋಡಿ ತಿಳಿಯುವುದಿಲ್ಲ, ಮನೆಮನೆಯ ಕರೆಂಟು ಮಗ್ಗಗಳ ಸದ್ದು ನಿಂತರೆ ಹೋಯಿತೆಂದೇ ಲೆಕ್ಕ. ಸದ್ದು ನಿಂತೊಡನೆ ಅತ್ತೆ “ಹೋತ ನೋಡವಾ” ಎನ್ನುವರು, ನಾನು ಕಡಗೋಲು ಹಿಡಿದು ಮಾಳಿಗೆಗೆ ಓಡುವೆ.

ಒಂದು ದಿನ ಮುಧೋಳದಲ್ಲಿ ನನ್ನ ತವರಿನವರದೊಂದು ಮದುವೆ ನಿಶ್ಚಯ. ಮಗಳಿಗೆ ಕಾಲೇಜು. ಅತ್ತೆಗೆ ಮೊಣಕಾಲು ನೋವು. ಆದರೂ, “ನೀ ಹೋಗ ಬೇ, ನಾ ಅದೀನಿ. ಮಗ್ಗ ನಿಂತ್ರ ಹೆಂಗರ ಮಾಡಿ ಹತ್ತತೀನಿ” ಎಂದರು.

ಸಂಜೆ ಬಂದಾಗ ಮೆಟ್ಟಿಲ ಬುಡದಲ್ಲೇ ಕೂತಿದ್ದರು. “ಒಮ್ಮೆನೂ ನಿಂತಿಲ್ಲ ನೋಡ.”

ಮೇಲೆ ಹೋದೆ. ಪಂಪು ನಿಂತಿತ್ತು. ನಮ್ಮ ಮನೆಯದಷ್ಟೇ ಫ್ಯೂಜು ಹೋಗಿತ್ತು. ಮಗ್ಗಗಳ ಲೈನೇ ಬೇರೆ. ಮೂರು ಬರಣಿಗಳಲ್ಲಿ ನೀರು ತಿಳಿಯಾಗಿ, ತಳದಲ್ಲಿ ಹಸಿರು ಕೆಸರು ಕೂತು ನಾರುತ್ತಿತ್ತು. ನೀರಿನ ಟ್ಯಾಂಕಿನ ನೆರಳಿಗಿದ್ದ ನಾಲ್ಕನೆಯದರಲ್ಲಿ ಮಾತ್ರ ತುಸು ಹಸಿರು ಇನ್ನೂ ತೇಲುತ್ತಿತ್ತು.

ಅಷ್ಟರಲ್ಲಿ ಮಗಳೂ ಬಂದಳು. ನೋಡಿ, ಬ್ಯಾಗು ಹೆಗಲಲ್ಲಿದ್ದಂತೆಯೇ ನೆಲಕ್ಕೆ ಕೂತಳು. ಮೇಲೆ ಹೋದ ನಾವಿಬ್ಬರೂ ಇಳಿಯದ್ದಕ್ಕೆ ಗಾಬರಿಯಾಗಿರಬೇಕು, ಅತ್ತೆ ಕೈಯೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು.

“ಕಿವಿ ಅಲ್ಲೇ ಇಟ್ಟ ಕುಂತಿದ್ನೆವಾ. ಮಗ್ಗ ನಡದಿದ್ದುವು.”

ಮಗಳು ಏನನ್ನುವಳೋ ಎಂದು ಅವಳ ಮುಖ ನೋಡಿದೆ. ಅವಳು ಎದ್ದು ಅಜ್ಜಿಯ ಅಂಗೈಗೆ ಮೆತ್ತಿದ್ದ ಧೂಳು ಒರೆಸಿದಳು.

“ಗೊತ್ತೈತಿ ಆಯಿ. ಉಣ್ಣಾಕರ ಎದ್ದಿದ್ಯೋ ಇಲ್ಲೋ?”

ಕೆಳಗಿಳಿದು ನೋಡಿದೆ. ಒಲೆಯ ಪಕ್ಕ ನಾನು ಮುಚ್ಚಿಟ್ಟು ಹೋಗಿದ್ದ ರೊಟ್ಟಿ ಹಾಗೆಯೇ ಇತ್ತು.

ಮರುದಿನದಿಂದ ಅತ್ತೆ ಬೆಳಗಿನ ಚಹಾವನ್ನು ಮಾಳಿಗೆಯ ಮೇಲೆಯೇ ಕುಡಿದರು, ಉಳಿದ ಬರಣಿಯ ಎದುರಿಗೆ. ಮೊದಲು ಹಳದಿಗೆ ತಿರುಗಿದ ನೀರು ಮೆಲ್ಲಗೆ ಎಳೆ ಹಸಿರಾಯಿತು, ಆಮೇಲೆ ಕಡುವಾಯಿತು. ಪರೀಕ್ಷೆಯ ದಿನ ಆ ಬರಣಿಯನ್ನು ತಮ್ಮ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಮಗಳ ಮಡಿಲಿಗೆ ಕೊಟ್ಟು ಬಸ್ಸಿಗೆ ಕಳಿಸಿದರು.

ಮಧ್ಯಾಹ್ನ ಮಗಳ ಫೋನು ಬಂತು. “ಆಯಿ, ಒಂದ ಬರಣಿ ಸಾಕಾತು. ಒಪ್ಪಿದ್ರು.”

“ಅದಿರಲಿ,” ಎಂದರು ಅತ್ತೆ, “ಬರೂಮುಂದ ಮುಚ್ಚಳ ಸಡ್ಲ ಮಾಡಿ ಹಿಡಕೊಂಡ ಬಾ. ಬಸ್ಸಿನ್ಯಾಗ ಉಸರಾಡಬೇಕಲ್ಲ ಅದು.”